ಜಿನೀವದ ಸೇನಾಪತಿ ಡುಫೂರನ ಚರಿತ್ರೆ

ನಮ್ಮ ಸಭೆಗಳ ಹಿರಿಯರಿಗೆ ಬಾಸೆಲ್ ಎಂಬ ಊರಿನ ಹೆಸರು ತಮ್ಮ ನೆರೆಯೂರಿನ ಹೆಸರಿನಷ್ಟೇ ಪರಿಚಿತವಾದದ್ದು. 1834ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬೋಧಕರು ಆ ಊರಿನ ಮಿಶನ್ ಸಂಘದಿಂದ ಕಳುಹಿಸಲ್ಪಟ್ಟು ಕಡಲನ್ನು ದಾಟಿ ಮಂಗಳೂರಿಗೆ ಬಂದು ಸೇರಿದ ಸಂಗತಿಯನ್ನು ನಾವು ಪ್ರತಿ ವರುಷವೂ ಸ್ಮರಿಸುತ್ತೇವೆ. ಅದೇ 1834ರಲ್ಲಿ, ಆ ಬಾಸೆಲ್ ಪಟ್ಟಣವಿರುವ ಸ್ವಿಟ್ಜರ್ಲೆಂಡ್ ದೇಶದ ಒಂದು ಜೌಗು ಬಯಲಿನಲ್ಲಿ, ಕೆಲವು ಮಂದಿ ಅಳತೆಯ ಕೋಲುಗಳನ್ನು ಒಂದರ ಮುಂದೊಂದಾಗಿ ಇಡುತ್ತಾ ಸುಮಾರು 13 ಕಿಲೋಮೀಟರ್ ಉದ್ದದ ಒಂದು ನೇರವಾದ ಗೆರೆಯನ್ನು ಅಳೆಯುತ್ತಿದ್ದರು. ಹಾದಿಯಲ್ಲಿ ಹೋಗುವವನು ಅದನ್ನು ನೋಡಿದ್ದರೆ ಇದು ಕೆಲಸವಿಲ್ಲದವರ ಕೆಲಸವೆಂದು ನಗಬಹುದಾಗಿತ್ತು. ಆದರೆ ಆ ಒಂದು ಗೆರೆಯ ಮೇಲೆ ಒಂದು ಇಡೀ ದೇಶದ ರಕ್ಷಣೆಯ ಯೋಚನೆ ನಿಂತಿತ್ತು. ಆ ಯೋಚನೆಯನ್ನು ಮಾಡಿದವನು ಗಿಯೋಮ್ ಆನ್ರಿ ಡುಫೂರ್ ಎಂಬ ಜಿನೀವ ಪಟ್ಟಣದ ಪ್ರೊಟೆಸ್ಟಂಟ್ ಗೃಹಸ್ಥನು.

ಸಮಾಧಾನದ ಸುವಾರ್ತೆಯನ್ನು ಸಾರುವ ಪತ್ರಿಕೆಯಲ್ಲಿ ಒಬ್ಬ ಸಿಪಾಯಿಯ ಚರಿತ್ರೆಗೆ ಏನು ಸ್ಥಳವೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಈ ಮನುಷ್ಯನು ಸುಮಾರು ಮೂವತ್ತು ವರುಷಗಳ ಕಾಲ ಯುದ್ಧಕ್ಕೆ ಸಿದ್ಧತೆಯನ್ನು ಮಾಡಿದನು. ಯುದ್ಧವು ಬಂದಾಗಲಾದರೋ ಇಪ್ಪತ್ತಾರು ದಿವಸಗಳಲ್ಲಿ ಅದನ್ನು ಮುಗಿಸಿ, ಸೋತವರನ್ನು ಸಹೋದರರಂತೆ ಉಳಿಸಿಕೊಂಡನು. ಸಿದ್ಧತೆಗೂ ಕರುಣೆಗೂ ಇರುವ ಸಂಬಂಧವನ್ನು ಈ ಚರಿತ್ರೆಯಿಂದ ನಾವು ತಿಳಿಯಬಹುದಾದ ಕಾರಣ ಇದನ್ನು ಇಲ್ಲಿ ಬರೆಯುತ್ತೇವೆ.

1. ಹುಟ್ಟೂ ವಿದ್ಯಾಭ್ಯಾಸವೂ

ಡುಫೂರನು 1787ನೆಯ ಇಸವಿ ಸೆಪ್ಟೆಂಬರ್ 15ನೆಯ ತಾರೀಕಿನಲ್ಲಿ ಕೋನ್‌ಸ್ಟಾನ್ಸ್ ಎಂಬ ಪಟ್ಟಣದಲ್ಲಿ ಹುಟ್ಟಿದನು. ಅದು ಆತನ ಸ್ವಂತ ಊರಲ್ಲ. ಆತನ ತಂದೆಯು ಜಿನೀವದ ಗಡಿಯಾರ ಮಾಡುವವನು. ಆ ಪಟ್ಟಣದಲ್ಲಿ ರಾಜಕೀಯ ಕಲಹಗಳು ಉಂಟಾದದ್ದರಿಂದ ಅನೇಕ ಕುಟುಂಬಗಳು ಊರನ್ನು ಬಿಟ್ಟು ಹೋಗಬೇಕಾಗಿ ಬಂತು. ಅವುಗಳಲ್ಲಿ ಇವರದೂ ಒಂದು. ಹೀಗೆ ಈ ಕೂಸು ಪರವೂರಿನಲ್ಲಿ ಕಣ್ಣು ತೆರೆಯಿತು. ಕೆಲವು ವರುಷಗಳೊಳಗೆ ಕುಟುಂಬವು ಜಿನೀವಕ್ಕೆ ಹಿಂದಿರುಗಿತು.

ಜಿನೀವವು ಕಾಲ್ವಿನನು ಬೋಧಿಸಿದ ಪಟ್ಟಣವೆಂದೂ, ಹಿಂಸೆಗೆ ಒಳಗಾಗಿ ಓಡಿಬಂದ ಪ್ರೊಟೆಸ್ಟಂಟರಿಗೆ ಆಶ್ರಯವಾಗಿದ್ದ ಪಟ್ಟಣವೆಂದೂ ನಮ್ಮ ವಾಚಕರು ಬಲ್ಲರು. ಆದರೆ ಡುಫೂರನು ಹತ್ತು ವರುಷದ ಹುಡುಗನಾಗಿದ್ದಾಗ, ಅಂದರೆ 1798ರಲ್ಲಿ, ಫ್ರೆಂಚರು ಆ ಪಟ್ಟಣವನ್ನು ತಮ್ಮ ರಾಜ್ಯಕ್ಕೆ ಸೇರಿಸಿಕೊಂಡರು. ಶತಮಾನಗಳಿಂದ ಸ್ವತಂತ್ರವಾಗಿದ್ದ ಊರು ಒಂದು ದೊಡ್ಡ ರಾಜ್ಯದ ಮೂಲೆಯ ಜಿಲ್ಲೆಯಾಯಿತು. ಬಲವಿಲ್ಲದ ಚಿಕ್ಕ ನಾಡು ದೊಡ್ಡವರ ಕಾಲಡಿಯಲ್ಲಿ ಏನಾಗುವದೆಂಬ ಪಾಠವನ್ನು ಈ ಹುಡುಗನು ಪುಸ್ತಕದಿಂದ ಕಲಿಯಲಿಲ್ಲ; ತನ್ನ ಊರಿನ ಬೀದಿಯಲ್ಲೇ ಕಲಿತನು.

ಊರಿನ ವಿದ್ಯಾಶಾಲೆಯಲ್ಲಿ ಓದಿದ ಮೇಲೆ 1807ರಲ್ಲಿ ಆತನು ಪ್ಯಾರಿಸಿನ ಪ್ರಸಿದ್ಧವಾದ ಪಾಲಿಟೆಕ್ನಿಕ್ ಶಾಲೆಗೆ ಸೇರಿ, ಬಳಿಕ ಮೆಟ್ಸ್ ಎಂಬಲ್ಲಿ ಕೋಟೆ ಕಟ್ಟುವ ವಿದ್ಯೆಯನ್ನು ಕಲಿತನು. ಆಗ ಫ್ರಾನ್ಸನ್ನು ನೆಪೋಲಿಯನನು ಆಳುತ್ತಿದ್ದನು. ತರುಣ ಇಂಜಿನಿಯರನು ಗ್ರೀಕ್ ಸಮುದ್ರದಲ್ಲಿರುವ ಕೊರ್ಫು ದ್ವೀಪಕ್ಕೆ ಕಳುಹಿಸಲ್ಪಟ್ಟು, ಅಲ್ಲಿನ ಕೋಟೆಗಳ ಕೆಲಸದಲ್ಲಿ ಸುಮಾರು ನಾಲ್ಕು ವರುಷಗಳನ್ನು ಕಳೆದನು. ಲಕ್ಷಾಂತರ ಜನರನ್ನು ಯುದ್ಧಕ್ಕೆ ನಡಿಸಿದ ಆ ಚಕ್ರವರ್ತಿಯ ವೈಭವವನ್ನೂ ಆತನ ಪತನವನ್ನೂ ಡುಫೂರನು ಆತನ ಸೇವೆಯಲ್ಲಿದ್ದುಕೊಂಡೇ ಕಂಡನು. 1817ರಲ್ಲಿ ಫ್ರೆಂಚ್ ಸೇವೆಯನ್ನು ಬಿಟ್ಟು ಸ್ವಂತ ಊರಿಗೆ ಬಂದನು. ಅಷ್ಟರೊಳಗೆ ಜಿನೀವವು ಫ್ರೆಂಚರಿಂದ ಬಿಡುಗಡೆ ಹೊಂದಿ, 1815ರಲ್ಲಿ ಸ್ವಿಸ್ ಒಕ್ಕೂಟವನ್ನು ಸೇರಿತ್ತು.

2. ಬೇಲಿಯಿಲ್ಲದ ಹೊಲ

ಡುಫೂರನು ಮುಂದೆ ಮಾಡಿದ ಕೆಲಸವು ತಿಳಿಯಬೇಕಾದರೆ ಆ ದೇಶದ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಸ್ವಿಟ್ಜರ್ಲೆಂಡಿನ ವಿಸ್ತಾರವು ಸುಮಾರು 41,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕ ರಾಜ್ಯದ ಕಾಲು ಪಾಲಿಗೂ ಕಡಿಮೆ. 1850ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 24 ಲಕ್ಷ ಜನರು. ಅದರಲ್ಲಿ 22 ಕ್ಯಾಂಟನುಗಳು, ಅಂದರೆ ತಮ್ಮ ತಮ್ಮ ಕಾನೂನುಗಳಿಂದ ಆಳಿಕೊಳ್ಳುವ ಚಿಕ್ಕ ಚಿಕ್ಕ ಸಂಸ್ಥಾನಗಳಿದ್ದವು. ಕೆಲವರ ಮಾತು ಜರ್ಮನ್, ಕೆಲವರದು ಫ್ರೆಂಚ್, ಕೆಲವರದು ಇಟಾಲಿಯನ್. ಕೆಲವು ಕ್ಯಾಂಟನುಗಳು ಪ್ರೊಟೆಸ್ಟಂಟ್, ಕೆಲವು ರೋಮನ್ ಕಥೋಲಿಕ. ಸುತ್ತಲೂ ಫ್ರಾನ್ಸ್, ಆಸ್ಟ್ರಿಯ, ಜರ್ಮನ್ ಅರಸುಗಳು ಎಂಬ ಬಲಿಷ್ಠ ನೆರೆಯವರು. 1799ರಲ್ಲಿ ಫ್ರೆಂಚ್, ಆಸ್ಟ್ರಿಯನ್, ರಷ್ಯನ್ ದಂಡುಗಳು ಆ ದೇಶದ ನೆಲದ ಮೇಲೆ ಒಂದರೊಡನೊಂದು ಕಾದಾಡಿ ರೈತರ ಕಣಜಗಳನ್ನು ಬರಿದುಮಾಡಿದ್ದವು.

1815ರಲ್ಲಿ ಯುರೋಪಿನ ಅರಸುಗಳು ಕೂಡಿ, ಸ್ವಿಟ್ಜರ್ಲೆಂಡ್ ಎಂದೆಂದಿಗೂ ಯಾವ ಪಕ್ಷಕ್ಕೂ ಸೇರದ ದೇಶವೆಂದು ಒಪ್ಪಿಕೊಂಡವು. ಇದು ಒಳ್ಳೆಯ ಮಾತೇ. ಆದರೆ ಕಾಗದದ ಮೇಲೆ ಬರೆದ ಗಡಿಯು ಬೇಲಿಯಿಲ್ಲದ ಹೊಲದಂತೆ. ಹಸಿದ ಎತ್ತು ಪತ್ರವನ್ನು ಓದುವದಿಲ್ಲ. ಒಕ್ಕೂಟಕ್ಕೆ ಕಾಯಂ ಸೈನ್ಯವಿರಲಿಲ್ಲ. ನೂರು ಜನರಿಗೆ ಇಬ್ಬರು ಸಿಪಾಯಿಗಳಂತೆ ಪ್ರತಿ ಕ್ಯಾಂಟನ್ ಕೊಡತಕ್ಕದ್ದೆಂದು ನೇಮಕವಾಗಿತ್ತು. ಹಾಗೆ ಕೂಡಿದರೆ ಸುಮಾರು 33,000 ಮಂದಿ. ಆದರೆ ಪ್ರತಿಯೊಂದು ಕ್ಯಾಂಟನಿನ ಉಡುಪು ಬೇರೆ, ಕವಾಯತು ಬೇರೆ, ನಿಶಾನೆಯೂ ಬೇರೆ. ದೇಶದ ಸರಿಯಾದ ನಕ್ಷೆಯೂ ಇರಲಿಲ್ಲ. ಇಂಥ ದಂಡು ಕೂಡಿದರೂ ಅದು ಗುಂಪೇ ಹೊರತು ಸೈನ್ಯವಲ್ಲ.

ಡುಫೂರನು ಈ ಸ್ಥಿತಿಯನ್ನು ನೋಡಿ ಗೊಣಗುತ್ತಾ ಕುಳಿತುಕೊಳ್ಳಲಿಲ್ಲ. ಜಿನೀವದಲ್ಲಿ ಆತನಿಗೆ ಕ್ಯಾಂಟನಿನ ಇಂಜಿನಿಯರ್ ಉದ್ಯೋಗವು ದೊರಕಿತು. ಆತನು ಸರೋವರದ ದಡದಲ್ಲಿ ಕಲ್ಲುಕಟ್ಟೆಗಳನ್ನು ಕಟ್ಟಿಸಿದನು. ವಿದ್ಯಾಶಾಲೆಯಲ್ಲಿ ಗಣಿತವನ್ನು ಕಲಿಸಿದನು. 1823ರಲ್ಲಿ ಕಬ್ಬಿಣದ ತಂತಿಗಳಿಂದ ತೂಗುವ ಒಂದು ಸೇತುವೆಯನ್ನು ಕಟ್ಟುವದರಲ್ಲಿ ಮುಖ್ಯನಾಗಿದ್ದನು. ತಂತಿಯ ತೂಗುಸೇತುವೆಗಳಲ್ಲಿ ಜನರ ನಿತ್ಯ ಉಪಯೋಗಕ್ಕೆ ನಿಂತ ಮೊದಲನೆಯದು ಅದೇ. ಹೀಗೆ ಹಗಲೆಲ್ಲಾ ಊರಿನ ಕೆಲಸವನ್ನು ಮಾಡುತ್ತಾ ಆತನು ದೇಶದ ಕೆಲಸವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದನು.

3. ಬಹುಕಾಲದ ನಾಲ್ಕು ಕೆಲಸಗಳು

ಚಿಕ್ಕ ದೇಶವು ನೆರೆಯವನ ಮೇಲೆ ಬೀಳುವದಕ್ಕೆ ಶಕ್ತವಲ್ಲ, ಬೀಳುವದು ನ್ಯಾಯವೂ ಅಲ್ಲ. ದೊಡ್ಡ ಸೈನ್ಯವನ್ನು ಸದಾಕಾಲ ಸಾಕುವಷ್ಟು ಹಣವೂ ಅದಕ್ಕಿಲ್ಲ. ಆದಕಾರಣ ಅದು ಹಣದಿಂದ ಆಗದ್ದನ್ನು ಕಾಲದಿಂದ ಸಾಧಿಸಬೇಕು. ಅಂದರೆ ಸಮಾಧಾನದ ವರುಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಸಿದ್ಧವಾಗಬೇಕು. ಡುಫೂರನ ಎಲ್ಲಾ ಯೋಚನೆಯ ಸಾರವು ಇದೇ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವದು ವ್ಯರ್ಥವೆಂದು ನಮ್ಮವರೂ ಹೇಳುತ್ತಾರಷ್ಟೆ. ಆತನು ಕೈಹಾಕಿದ ಕೆಲಸಗಳು ನಾಲ್ಕು.

ಮೊದಲನೆಯದು ಶಾಲೆ. 1819ರಲ್ಲಿ ತೂನ್ ಎಂಬ ಊರಿನಲ್ಲಿ ಒಕ್ಕೂಟದ ಸೈನಿಕ ಶಾಲೆಯು ಸ್ಥಾಪಿಸಲ್ಪಟ್ಟಿತು. ಅದನ್ನು ಸ್ಥಾಪಿಸಿದವರಲ್ಲಿ ಡುಫೂರನು ಒಬ್ಬನು. ಅಲ್ಲಿ ಆತನು ಅನೇಕ ವರುಷ ಪಾಠ ಹೇಳಿದನು. ಜರ್ಮನ್ ಮಾತಿನವನೂ ಫ್ರೆಂಚ್ ಮಾತಿನವನೂ, ಕಥೋಲಿಕನೂ ಪ್ರೊಟೆಸ್ಟಂಟನೂ ಒಂದೇ ಬಯಲಿನಲ್ಲಿ ಕವಾಯತು ಮಾಡಿ ಒಂದೇ ಪಾಠವನ್ನು ಕಲಿತರು. ಸಿಪಾಯಿಗಳು ರೈತರೂ ಬಡಗಿಗಳೂ ಆಗಿದ್ದು ವರುಷದಲ್ಲಿ ಕೆಲವು ದಿನ ಮಾತ್ರ ಆಯುಧವನ್ನು ಹಿಡಿಯುವವರಾದದ್ದರಿಂದ, ಅವರನ್ನು ನಡಿಸುವವರಾದರೂ ಚೆನ್ನಾಗಿ ಕಲಿತಿರಬೇಕೆಂಬದು ಆತನ ಅಭಿಪ್ರಾಯವು. ಆ ಶಾಲೆಯ ವಿದ್ಯಾರ್ಥಿಗಳಲ್ಲಿ ನೆಪೋಲಿಯನನ ತಮ್ಮನ ಮಗನಾದ ಲೂಯಿ ನೆಪೋಲಿಯನನೂ ಇದ್ದನು. ಅವನ ಮಾತು ಮುಂದೆ ಬರುತ್ತದೆ.

ಎರಡನೆಯದು ಬಾಗಲುಗಳನ್ನು ಭದ್ರಪಡಿಸುವದು. 1830ರಲ್ಲಿ ಪ್ಯಾರಿಸಿನಲ್ಲಿ ಕ್ರಾಂತಿಯಾಗಿ ಯುರೋಪಿನಲ್ಲೆಲ್ಲಾ ಯುದ್ಧದ ಭಯವು ಹುಟ್ಟಿದಾಗ ಡುಫೂರನು ಸೇನಾಪತಿಯ ಮುಖ್ಯ ಸಹಾಯಕನಾಗಿ ನೇಮಿಸಲ್ಪಟ್ಟನು. ಬೆಟ್ಟಗಳ ದೇಶಕ್ಕೆ ಸುತ್ತಲೂ ಗೋಡೆ ಬೇಕಾಗಿಲ್ಲ, ಘಟ್ಟಗಳ ಬಾಯಿಗಳನ್ನು ಕಾದರೆ ಸಾಕೆಂದು ಆತನು ಕಂಡನು. ರೋನ್ ನದಿಯು ಬಂಡೆಗಳ ನಡುವೆ ಇಕ್ಕಟ್ಟಾಗಿ ಹರಿಯುವ ಸಂತ ಮೋರಿಸಿನಲ್ಲಿಯೂ, ಪೂರ್ವದ ಗಡಿಯಲ್ಲಿರುವ ಲೂಟ್ಸಿಯನ್‌ಸ್ಟೈಗ್ ಘಟ್ಟದಲ್ಲಿಯೂ, ಪಶ್ಚಿಮದಿಂದ ಬೆರ್ನ್ ಪಟ್ಟಣಕ್ಕೆ ಹೋಗುವ ದಾರಿಯನ್ನು ಕಾಯುವ ಆರ್‌ಬೆರ್ಗಿನಲ್ಲಿಯೂ ಕೋಟೆಯ ಕೆಲಸಗಳು ನಡೆದವು.

ಮೂರನೆಯದು ನಕ್ಷೆ. 1832ರಲ್ಲಿ ಆ ಕೆಲಸವು ಆತನ ವಶಕ್ಕೆ ಬಂತು. ತನ್ನ ನೆಲವನ್ನು ತಾನೇ ಅರಿಯದ ದೇಶವು ಅದನ್ನು ಕಾಯುವದು ಹೇಗೆ? ಮೊದಲು, ನಾವು ಆರಂಭದಲ್ಲಿ ಹೇಳಿದ ಗೆರೆಯನ್ನು ಅಳೆದರು. ಆ ಗೆರೆಯ ಎರಡು ತುದಿಗಳಿಂದ ದೂರದ ಗುಡ್ಡವೊಂದನ್ನು ನೋಡಿ ಕೋನಗಳನ್ನು ಅಳೆದರೆ ಅದರ ದೂರವು ಲೆಕ್ಕದಿಂದ ತಿಳಿಯುತ್ತದೆ. ಅಲ್ಲಿಂದ ಇನ್ನೊಂದು ಗುಡ್ಡಕ್ಕೆ. ಹೀಗೆ ತ್ರಿಕೋನದ ಮೇಲೆ ತ್ರಿಕೋನವಾಗಿ ಇಡೀ ದೇಶವನ್ನು ಬಲೆಯಂತೆ ಹೆಣೆದರು. ಅಳತೆಗಾರರು ಹಿಮದ ಶಿಖರಗಳನ್ನು ಹತ್ತಿ, ಮಂಜು ಕರಗುವ ತನಕ ಕಾದು, ಪ್ರತಿ ಹಳ್ಳವನ್ನೂ ಕಾಲುದಾರಿಯನ್ನೂ ಗುರುತಿಸಿಕೊಂಡರು. 1838ರಲ್ಲಿ ಡುಫೂರನು ಜಿನೀವದ ಬಳಿಯಲ್ಲಿ ನಕ್ಷೆಯ ಕಾರ್ಯಾಲಯವನ್ನು ತೆರೆದನು. ಅಲ್ಲಿ ಕೆತ್ತುವವರು ತಾಮ್ರದ ತಗಡುಗಳ ಮೇಲೆ ಬೆಟ್ಟದ ಇಳಿಜಾರುಗಳನ್ನು ಕೂದಲೆಳೆಯಂಥ ಗೆರೆಗಳಿಂದ ಕೆತ್ತಿದರು. ನೆಲದ ಮೇಲಿನ ಒಂದು ಕಿಲೋಮೀಟರ್ ಕಾಗದದ ಮೇಲೆ ಒಂದು ಸೆಂಟಿಮೀಟರ್. ಹಾಳೆಗಳು ಒಟ್ಟು 25. ಮೊದಲನೆಯ ಹಾಳೆಗಳು 1845ರಲ್ಲಿ ಹೊರಟವು, ಕಡೆಯದು 1865ರಲ್ಲಿ. ಕೆಲಸವನ್ನು ವಹಿಸಿಕೊಂಡಾಗ ಡುಫೂರನಿಗೆ ನಲವತ್ತೈದು ವರುಷ ತುಂಬುತ್ತಿತ್ತು. ಮುಗಿದಾಗ ಆತನು ಎಪ್ಪತ್ತೇಳು ವರುಷದ ಮುದುಕನು.

ನಾಲ್ಕನೆಯದು ನಿಶಾನೆ. ಎಲ್ಲರಿಗಿಂತ ಕಡಿಮೆ ಹಣ ತಗಲಿದ್ದು ಇದಕ್ಕೆ, ಫಲವಾದರೋ ಹೆಚ್ಚು. ಪ್ರತಿ ಕ್ಯಾಂಟನಿನ ದಂಡು ತನ್ನ ತನ್ನ ಬಣ್ಣದ ಹಿಂದೆ ನಡೆದರೆ ಒಬ್ಬನು ಇನ್ನೊಬ್ಬನನ್ನು ಪರಕೀಯನೆಂದೇ ಎಣಿಸುವನು. ಒಂದೇ ನಿಶಾನೆಯ ಕೆಳಗೆ ನಿಂತರೆ ಸಹೋದರನೆಂದು ಎಣಿಸುವನು. ಹೀಗೆಂದು ಡುಫೂರನು ವರುಷಗಟ್ಟಲೆ ವಾದಿಸಿದ ಮೇಲೆ, 1840ರಲ್ಲಿ ಕ್ಯಾಂಟನುಗಳ ಪ್ರತಿನಿಧಿ ಸಭೆಯು ಕೆಂಪು ಬಟ್ಟೆಯ ಮೇಲೆ ಬಿಳಿ ಶಿಲುಬೆಯಿರುವ ಒಂದೇ ನಿಶಾನೆಯನ್ನು ಎಲ್ಲಾ ದಂಡುಗಳಿಗೂ ಗೊತ್ತುಮಾಡಿತು.

4. ಸಹೋದರರ ಯುದ್ಧ

ಆದರೆ ಪರೀಕ್ಷೆಯು ಡುಫೂರನು ನೋಡುತ್ತಿದ್ದ ಗಡಿಯಿಂದ ಬರಲಿಲ್ಲ. ಮನೆಯ ಒಳಗಿನಿಂದಲೇ ಬಂತು. 1841ರಲ್ಲಿ ಆರ್‌ಗೌ ಕ್ಯಾಂಟನಿನವರು ಕಥೋಲಿಕರ ಮಠಗಳನ್ನು ಮುಚ್ಚಿದರು. ಕಥೋಲಿಕ ಲುಸರ್ನಿನವರು 1844ರಲ್ಲಿ ಯೇಸುಸಭೆಯವರನ್ನು ತಮ್ಮ ಶಾಲೆಗಳಿಗೆ ಕರೆದರು. ಆ ಮೇಲೆ ಎದುರು ಪಕ್ಷದ ಗುಂಪುಗಳು ಆಯುಧ ಹಿಡಿದು ಲುಸರ್ನಿನ ಮೇಲೆ ನುಗ್ಗಿ ಸೋತುಹೋದವು. 1845ರಲ್ಲಿ ಏಳು ಕಥೋಲಿಕ ಕ್ಯಾಂಟನುಗಳು ತಮ್ಮೊಳಗೆ ಸೋಂಡರ್‌ಬುಂಡ್, ಅಂದರೆ ಪ್ರತ್ಯೇಕ ಒಕ್ಕೂಟವೆಂಬದನ್ನು ಕಟ್ಟಿಕೊಂಡವು. ತಪ್ಪು ಒಂದೇ ಕಡೆಯಲ್ಲಿ ಇತ್ತೆಂದು ಹೇಳುವದು ನ್ಯಾಯವಲ್ಲ. 1847ರಲ್ಲಿ ಪ್ರತಿನಿಧಿ ಸಭೆಯು ಈ ಪ್ರತ್ಯೇಕ ಒಕ್ಕೂಟವನ್ನು ಮುರಿಯತಕ್ಕದ್ದೆಂದು ತೀರ್ಮಾನಿಸಿ, ಅಕ್ಟೋಬರ್ 21ರಲ್ಲಿ ಡುಫೂರನನ್ನು ಸೇನಾಪತಿಯಾಗಿ ಆರಿಸಿತು.

ಆತನಿಗೆ ಆಗ ಅರುವತ್ತು ವರುಷ. ಆತನು ಈ ಪದವಿಯನ್ನು ಬೇಡಿದವನಲ್ಲ. ಸ್ವಂತ ದೇಶದವರ ಮೇಲೆ ಆಯುಧವನ್ನು ಎತ್ತಬೇಕೆಂಬದು ಆತನಿಗೆ ಬಹು ಕಹಿಯಾದ ಮಾತಾಗಿತ್ತು; ತನ್ನ ಪಕ್ಷದಲ್ಲಿದ್ದ ಉಗ್ರರ ಹಗೆಯ ಸಾಧನೆಗೆ ತಾನು ಕೈಗೋಲಾದೇನೋ ಎಂಬ ಭಯವೂ ಇತ್ತು. ಕೆಲವು ದಿವಸ ಸಂದೇಹಪಟ್ಟು, ತನ್ನ ಅಧಿಕಾರವೇನು, ಮೇರೆಯೇನು ಎಂಬದನ್ನು ಸ್ಪಷ್ಟಪಡಿಸಿಕೊಂಡ ಬಳಿಕವೇ ಪ್ರಮಾಣವನ್ನು ಸ್ವೀಕರಿಸಿದನು. ಎದುರು ಪಕ್ಷದ ಸೇನಾಪತಿಯು ಸಾಲಿಸ್ ಸೋಲಿಯೋ ಎಂಬವನು. ಅವನು ಕಥೋಲಿಕರ ದಂಡನ್ನು ನಡಿಸುತ್ತಿದ್ದರೂ ಸ್ವತಃ ಪ್ರೊಟೆಸ್ಟಂಟನಾಗಿದ್ದನು. ಆದುದರಿಂದ ಈ ಯುದ್ಧವನ್ನು ಒಂದು ಮತದವರ ಮೇಲೆ ಇನ್ನೊಂದು ಮತದವರ ಜಯವೆಂದು ನಮ್ಮವರಲ್ಲಿ ಯಾರೂ ಹೆಮ್ಮೆಪಡಬಾರದು.

ಡುಫೂರನ ವಶದಲ್ಲಿ ಸುಮಾರು ಒಂದು ಲಕ್ಷ ಮಂದಿ ಕೂಡಿದರು. ಎದುರಿನವರು ಅದಕ್ಕೆ ಕಡಿಮೆ, ಆದರೆ ಬೆಟ್ಟಗಳು ಅವರ ಕಡೆಯಲ್ಲಿದ್ದವು. ಆಸ್ಟ್ರಿಯ ಮುಂತಾದ ದೊಡ್ಡ ಅರಸುಗಳು ನಡುವೆ ಕೈಹಾಕುವದಕ್ಕೆ ಸಮಯವನ್ನು ಕಾಯುತ್ತಿದ್ದವು. ಯುದ್ಧವು ನಿಧಾನವಾದರೆ ದೇಶವು ಪರರ ಪಾಲಾಗುವದು. ಕ್ರೂರವಾದರೆ ಗೆದ್ದ ಮೇಲೂ ದೇಶವು ಒಂದಾಗದು. ಆದಕಾರಣ ಬೇಗನೆಯೂ ಮೃದುವಾಗಿಯೂ ಮುಗಿಸಬೇಕಾಗಿತ್ತು. ಇವೆರಡನ್ನು ಕೂಡಿಸುವದು ಸಿದ್ಧತೆಯಿಲ್ಲದವನಿಗೆ ಅಸಾಧ್ಯ. ಬಲವಿಲ್ಲದವನು ಭಯಪಡುತ್ತಾನೆ, ಭಯಪಡುವವನು ಕ್ರೂರನಾಗುತ್ತಾನೆ.

ನವೆಂಬರ್ ತಿಂಗಳ ಆರಂಭದಲ್ಲಿ ಆತನು ತನ್ನ ಅಧಿಕಾರಿಗಳಿಗೂ ಸಿಪಾಯಿಗಳಿಗೂ ಆಜ್ಞೆಗಳನ್ನು ಕೊಟ್ಟನು. ಕಥೋಲಿಕರ ದೇವಾಲಯಗಳನ್ನು ಕಾಪಾಡಬೇಕು, ಹೆಂಗಸರಿಗೂ ಮಕ್ಕಳಿಗೂ ಮುದುಕರಿಗೂ ಪಾದ್ರಿಗಳಿಗೂ ಕೇಡು ಮಾಡಕೂಡದು, ಸೆರೆಸಿಕ್ಕಿದವರನ್ನು ಹೊಡೆಯಕೂಡದು, ಗಾಯಪಟ್ಟ ಶತ್ರುವನ್ನು ತಮ್ಮವನಂತೆಯೇ ಉಪಚರಿಸಬೇಕು ಎಂಬದೇ ಅವುಗಳ ತಾತ್ಪರ್ಯವು. ಯುದ್ಧಶಾಸ್ತ್ರವನ್ನು ಅನೇಕ ವರುಷ ಕಲಿಸಿದವನು ದಂಡು ಹೊರಡುವಾಗ ಕೊಟ್ಟ ಪಾಠವು ಇದಾಗಿತ್ತು.

ಯುದ್ಧದ ಕ್ರಮವೂ ಇದಕ್ಕೆ ತಕ್ಕಂತಿತ್ತು. ಮಿಕ್ಕ ಆರರಿಂದ ಬೇರೆಯಾಗಿ ಒಂಟಿಯಾಗಿದ್ದ ಫ್ರಿಬೂರ್ ಕ್ಯಾಂಟನನ್ನು ಮೊದಲು ಎಲ್ಲಾ ಕಡೆಯಿಂದ ಸುತ್ತಿದನು. ಬಳಿಕ ದೂತನನ್ನು ಕಳುಹಿಸಿ, ಎದುರಿಸುವದು ನಿಷ್ಫಲವೆಂದು ತೋರಿಸಿ, ರಕ್ತವನ್ನು ಸುರಿಸದೆ ಒಪ್ಪಿಸಬೇಕೆಂದು ಕೇಳಿಸಿದನು. ಇಷ್ಟಾದರೂ ಎಲ್ಲವೂ ಆತನ ಮನಸ್ಸಿನಂತೆ ನಡೆಯಲಿಲ್ಲ. ಕದನವು ನಿಂತಿರಬೇಕಾದ ಸಮಯದಲ್ಲಿ, ನವೆಂಬರ್ 13ರಂದು, ಒಂದು ತಪ್ಪು ತಿಳುವಳಿಕೆಯಿಂದ ಒಂದು ದಂಡು ಮುನ್ನುಗ್ಗಿ ಕೆಲವರು ಸತ್ತರು. 14ರಂದು ಪಟ್ಟಣವು ಶರಣಾದ ಮೇಲೆ ಕೆಲವು ಸಿಪಾಯಿಗಳು ಲೂಟಿಯನ್ನೂ ಮಾಡಿದರು. ಒಳ್ಳೆಯ ಆಜ್ಞೆಯಿದ್ದ ಮಾತ್ರಕ್ಕೆ ಎಲ್ಲರ ಹೃದಯವೂ ಒಳ್ಳೆಯದಾಗುವದಿಲ್ಲವೆಂಬದನ್ನು ಇಲ್ಲಿ ಮರೆಮಾಡದೆ ಹೇಳುತ್ತೇವೆ.

ಅಲ್ಲಿಂದ ದಂಡು ಪೂರ್ವಕ್ಕೆ ತಿರುಗಿತು. 21ರಂದು ಟ್ಸೂಗ್ ಶರಣಾಯಿತು. 23ರಂದು ಗಿಸಿಕೋನ್ ಎಂಬಲ್ಲಿ ನದಿಯ ಸೇತುವೆಯ ಬಳಿಯಲ್ಲಿ ಗಟ್ಟಿಯಾದ ಕಾಳಗವಾಗಿ ಸಾಲಿಸನು ಗಾಯಪಟ್ಟನು. 24ರಂದು ಲುಸರ್ನ್, ಕಡೆಗೆ 29ರಂದು ವಾಲೇ ಶರಣಾದವು. ಮೊದಲಿನಿಂದ ಕಡೆಯ ವರೆಗೆ ಇಪ್ಪತ್ತಾರು ದಿವಸಗಳು. ಎರಡೂ ಪಕ್ಷಗಳಲ್ಲಿ ಸತ್ತವರು ಕೂಡಿ ಸುಮಾರು ನೂರು ಮಂದಿ. ದೊಡ್ಡ ಅರಸುಗಳ ದೂತರು ಪತ್ರಗಳನ್ನು ತರುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. ಒಂದೂವರೆ ಲಕ್ಷಕ್ಕೂ ಮಿಕ್ಕಿದ ಜನರು ಆಯುಧ ಹಿಡಿದು ನಿಂತ ಯುದ್ಧದಲ್ಲಿ ಇಷ್ಟು ಕಡಿಮೆ ಮರಣಗಳು ಆದದ್ದು ಅಪರೂಪ. ಹಾಗಾದರೂ ಆ ನೂರು ಮನೆಗಳಲ್ಲಿ ಆ ಚಳಿಗಾಲವು ಅಳುವಿನ ಕಾಲವೇ ಆಗಿತ್ತೆಂಬದನ್ನು ನಾವು ಮರೆಯಬಾರದು.

5. ಗೆದ್ದ ಮೇಲೆ

1848ರ ಸೆಪ್ಟೆಂಬರಿನಲ್ಲಿ ದೇಶಕ್ಕೆ ಹೊಸ ರಾಜ್ಯಾಂಗವು ಉಂಟಾಯಿತು. ಸಡಿಲವಾದ ಒಕ್ಕೂಟವು ಒಂದು ರಾಷ್ಟ್ರವಾಯಿತು. ಸೋತ ಕ್ಯಾಂಟನುಗಳೂ ಅದರಲ್ಲಿ ಸಮಾನವಾಗಿ ಕುಳಿತುಕೊಂಡವು. ಅವುಗಳ ಮೇಲೆ ಹೊರಿಸಿದ್ದ ಯುದ್ಧದ ವೆಚ್ಚದಲ್ಲಿ ಉಳಿದದ್ದನ್ನು 1852ರಲ್ಲಿ ಮನ್ನಾ ಮಾಡಿದರು. ಗೆದ್ದವರು ಎಲ್ಲದರಲ್ಲಿಯೂ ಉದಾರರಾಗಿದ್ದರೆಂದು ಹೇಳಲಾರೆವು. ಯೇಸುಸಭೆಯವರನ್ನು ದೇಶದಿಂದ ಹೊರಗಿಟ್ಟ ಕಾನೂನು 1973ರ ವರೆಗೂ ತೆಗೆಯಲ್ಪಡಲಿಲ್ಲ. ಆದರೆ ಸೇನಾಪತಿಯು ಗಾಯವನ್ನು ಆಳವಾಗಿ ಮಾಡದಿದ್ದುದರಿಂದಲೇ ಅದು ಬೇಗನೆ ಮಾಯಿತೆಂಬದು ನಿಶ್ಚಯ.

ಇದಕ್ಕೆ ಸಾಕ್ಷಿಯು ಒಂಭತ್ತು ವರುಷಗಳ ಮೇಲೆ ದೊರಕಿತು. ನೊಯ್‌ಶಾಟೆಲ್ ಎಂಬ ಕ್ಯಾಂಟನಿನ ಮೇಲೆ ಪ್ರಶ್ಯದ ಅರಸನು ಹಳೆಯ ಹಕ್ಕನ್ನು ಸಾಧಿಸುತ್ತಿದ್ದನು. 1856ರಲ್ಲಿ ಅವನ ಪಕ್ಷದವರು ಅಲ್ಲಿ ದಂಗೆಯೆದ್ದು ಸೆರೆಸಿಕ್ಕಲು, ಪ್ರಶ್ಯವು ಯುದ್ಧದ ಬೆದರಿಕೆಯನ್ನು ಹಾಕಿತು. ರೈನ್ ನದಿಯ ದಡದಲ್ಲಿರುವ ಬಾಸೆಲ್, ಅಂದರೆ ನಮ್ಮ ಬೋಧಕರನ್ನು ಕಳುಹಿಸಿದ ಆ ಪಟ್ಟಣವೇ, ಯುದ್ಧದ ಹೊಸ್ತಿಲಲ್ಲಿ ನಿಂತಿತು. ಡುಫೂರನು ಮರಳಿ ಸೇನಾಪತಿಯಾಗಿ ಆರಿಸಲ್ಪಟ್ಟು, ಸುಮಾರು 30,000 ಮಂದಿಯನ್ನು ರೈನಿನ ಗಡಿಗೆ ನಡಿಸಿದನು. ಆಗ 1847ರಲ್ಲಿ ಆತನಿಗೆ ಎದುರಾಗಿ ನಿಂತಿದ್ದ ಕ್ಯಾಂಟನುಗಳವರೂ ಅದೇ ಬಿಳಿ ಶಿಲುಬೆಯ ನಿಶಾನೆಯ ಕೆಳಗೆ ಆತನ ಕರೆಗೆ ಓಗೊಟ್ಟರು. ಸೋತವನು ಗೆದ್ದವನ ಹಿಂದೆ ತನ್ನ ಮನಸ್ಸಿನಿಂದ ನಡೆದು ಬರುವದಕ್ಕಿಂತ ದೊಡ್ಡ ಜಯವು ಯಾವ ಸೇನಾಪತಿಗೆ ದೊರಕೀತು?

ಆ ಯುದ್ಧವು ನಡೆಯಲೇ ಇಲ್ಲ. ತೂನಿನ ಶಾಲೆಯಲ್ಲಿ ಓದಿದ್ದ ಲೂಯಿ ನೆಪೋಲಿಯನನು ಅಷ್ಟರೊಳಗೆ ಫ್ರೆಂಚರ ಚಕ್ರವರ್ತಿಯಾಗಿದ್ದನು. ಡುಫೂರನು ಪ್ಯಾರಿಸಿಗೆ ಹೋಗಿ ತನ್ನ ಹಳೆಯ ಶಿಷ್ಯನೊಡನೆ ಮಾತಾಡಿದ್ದನು. ಚಕ್ರವರ್ತಿಯು ನಡುವೆ ನಿಂತು ಸಂಧಾನ ಮಾಡಿಸಲು, 1857ರ ಮೇ ತಿಂಗಳಲ್ಲಿ ಪ್ರಶ್ಯದ ಅರಸನು ತನ್ನ ಹಕ್ಕನ್ನು ಬಿಟ್ಟುಕೊಟ್ಟನು. ಮನಃಪೂರ್ವಕವಾಗಿ ಕಲಿಸಿದ ಪಾಠವು ಎಲ್ಲಿ ಯಾವಾಗ ಫಲಕೊಡುವದೆಂದು ಉಪಾಧ್ಯಾಯನು ಅರಿಯನು. ಡುಫೂರನು ಒಟ್ಟಿಗೆ ನಾಲ್ಕು ಸಾರಿ, 1847, 1849, 1856, 1859ನೆಯ ಇಸವಿಗಳಲ್ಲಿ, ಸೇನಾಪತಿಯಾಗಿ ಆರಿಸಲ್ಪಟ್ಟನು. ಗುಂಡು ಹಾರಿದ್ದು ಮೊದಲನೆಯ ಸಾರಿ ಮಾತ್ರ.

6. ಕೆಂಪು ಶಿಲುಬೆ

1859ರಲ್ಲಿ ಇಟಲಿಯ ಸೋಲ್ಫೆರಿನೋ ಎಂಬಲ್ಲಿ ಭಯಂಕರವಾದ ಯುದ್ಧವಾಗಿ, ಗಾಯಪಟ್ಟ ಸಾವಿರಾರು ಜನರು ನೀರಿಗೂ ಗತಿಯಿಲ್ಲದೆ ಬಯಲಲ್ಲಿ ಬಿದ್ದಿದ್ದರು. ಅದನ್ನು ಕಣ್ಣಾರೆ ಕಂಡ ಜಿನೀವದ ಆನ್ರಿ ಡ್ಯುನಾನ್ ಎಂಬ ವರ್ತಕನು 1862ರಲ್ಲಿ ಒಂದು ಪುಸ್ತಕವನ್ನು ಬರೆದು ಜನರ ಮನಸ್ಸನ್ನು ಕಲಕಿದನು. 1863ರ ಫೆಬ್ರವರಿಯಲ್ಲಿ ಆತನ ಯೋಚನೆಯನ್ನು ಕಾರ್ಯಕ್ಕೆ ತರುವದಕ್ಕಾಗಿ ಜಿನೀವದ ಐವರು ಕೂಡಿದರು: ಡ್ಯುನಾನನು, ಮುವನ್ಯೇ ಎಂಬ ವಕೀಲನು, ಆಪ್ಪಿಯ ಮತ್ತು ಮೋನ್ವಾರ್ ಎಂಬ ಇಬ್ಬರು ವೈದ್ಯರು, ಮತ್ತು ಎಪ್ಪತ್ತೈದು ವರುಷದ ಡುಫೂರನು. ಐವರಲ್ಲಿ ಯುದ್ಧವನ್ನು ನಡಿಸಿ ಬಲ್ಲವನು ಆತನೊಬ್ಬನೇ. ಆತನನ್ನೇ ಮೊದಲನೆಯ ಅಧ್ಯಕ್ಷನನ್ನಾಗಿ ಮಾಡಿದರು. ಅರಸುಗಳ ಸೇನಾಪತಿಗಳು ಇದನ್ನು ಮೃದುಹೃದಯರ ಕನಸೆಂದು ತಳ್ಳಿಬಿಡದಂತೆ ಆತನ ಹೆಸರು ಬಹಳ ಸಹಾಯವಾಯಿತು.

1864ರ ಆಗಸ್ಟ್ ತಿಂಗಳಲ್ಲಿ ಅನೇಕ ದೇಶಗಳ ಪ್ರತಿನಿಧಿಗಳು ಜಿನೀವದಲ್ಲಿ ಕೂಡಿದಾಗ ಡುಫೂರನೇ ಅಧ್ಯಕ್ಷ ಪೀಠದಲ್ಲಿ ಕುಳಿತನು. 22ನೆಯ ತಾರೀಕಿನಲ್ಲಿ 12 ದೇಶಗಳವರು ಹತ್ತು ವಿಧಿಗಳ ಒಪ್ಪಂದಕ್ಕೆ ರುಜು ಹಾಕಿದರು. ಗಾಯಪಟ್ಟ ಸಿಪಾಯಿಯು ಯಾವ ದೇಶದವನೇ ಆಗಲಿ ಅವನನ್ನು ಉಪಚರಿಸಬೇಕು, ಆಸ್ಪತ್ರೆಗಳ ಮೇಲೆಯೂ ಉಪಚಾರ ಮಾಡುವವರ ಮೇಲೆಯೂ ಕೈಮಾಡಕೂಡದು, ಅವರ ಗುರುತು ಬಿಳಿ ಬಟ್ಟೆಯ ಮೇಲಿನ ಕೆಂಪು ಶಿಲುಬೆ ಎಂಬದು ಅದರ ಸಾರವು. ಡುಫೂರನು 1847ರಲ್ಲಿ ತನ್ನ ದಂಡಿಗೆ ಕೊಟ್ಟಿದ್ದ ಆಜ್ಞೆಯ ಮುಖ್ಯಾಂಶವು ಈಗ ದೇಶ ದೇಶಗಳ ನಡುವೆ ಕಾನೂನಾಯಿತು. ಆತನ ದಂಡಿನ ನಿಶಾನೆಯ ಬಣ್ಣಗಳನ್ನು ತಿರುವಿದರೆ ರೆಡ್ ಕ್ರಾಸಿನ ಗುರುತು ದೊರಕುವದನ್ನು ವಾಚಕರು ಗಮನಿಸಲಿ.

7. ಅಂತ್ಯವೂ ನಮಗೆ ಬುದ್ಧಿಯೂ

ಡುಫೂರನು 1875ನೆಯ ಇಸವಿ ಜುಲೈ 14ರಲ್ಲಿ, ಎಂಭತ್ತೇಳು ವರುಷದವನಾಗಿ, ಜಿನೀವದಲ್ಲಿದ್ದ ತನ್ನ ಮನೆಯಲ್ಲಿ ತೀರಿಹೋದನು. 1884ರಲ್ಲಿ ಊರಿನವರು ಕುದುರೆಯ ಮೇಲೆ ಕುಳಿತ ಆತನ ಪ್ರತಿಮೆಯನ್ನು ಸ್ಥಾಪಿಸಿದರು. ಆತನು ಬದುಕಿದ್ದಾಗಲೇ, 1863ರಲ್ಲಿ, ದೇಶದ ಅತ್ಯುನ್ನತ ಶಿಖರಕ್ಕೆ ಆತನ ಹೆಸರನ್ನು ಇಟ್ಟಿದ್ದರು. 4,634 ಮೀಟರ್ ಎತ್ತರದ ಆ ಹಿಮಶಿಖರವು ಈಗಲೂ ಡುಫೂರ್ ಶಿಖರವೆಂದೇ ಕರೆಯಲ್ಪಡುತ್ತದೆ.

ಗೋಪುರವನ್ನು ಕಟ್ಟುವದಕ್ಕೆ ಮುಂಚೆ ಕುಳಿತು ವೆಚ್ಚವನ್ನು ಲೆಕ್ಕಿಸುವವನ ವಿಷಯವಾಗಿಯೂ, ಯುದ್ಧಕ್ಕೆ ಹೊರಡುವ ಮುಂಚೆ ತನ್ನ ಬಲವನ್ನೂ ಎದುರಿನವನ ಬಲವನ್ನೂ ತೂಗಿ ನೋಡುವ ಅರಸನ ವಿಷಯವಾಗಿಯೂ ನಮ್ಮ ಕರ್ತನು ಸಾಮ್ಯವನ್ನು ಹೇಳಿದ್ದಾನಷ್ಟೆ. ನಾವು ಕೋಟೆ ಕಟ್ಟುವವರಲ್ಲ, ದಂಡನ್ನು ನಡಿಸುವವರೂ ಅಲ್ಲ. ಆದರೆ ಗದ್ದೆಯ ಕಟ್ಟೆಯನ್ನು ಬೇಸಗೆಯಲ್ಲೇ ಕಟ್ಟಬೇಕು, ಮಾಡಿಗೆ ಹುಲ್ಲನ್ನು ಮಳೆಗೆ ಮುಂಚೆಯೇ ಹೊದಿಸಬೇಕು, ಮಗಳ ಓದಿಗೆ ಅವಳು ಚಿಕ್ಕವಳಿರುವಾಗಲೇ ಒಂದೊಂದು ಕಾಸನ್ನು ತೆಗೆದಿಡಬೇಕು ಎಂಬದನ್ನು ನಾವು ಬಲ್ಲೆವು. ಮೂವತ್ತು ವರುಷಗಳ ಕೆಲಸವನ್ನು ಆರಂಭಿಸುವದಕ್ಕೆ ಡುಫೂರನಿಗಿದ್ದ ತಾಳ್ಮೆಯು ನಮ್ಮ ಸಭೆಯ ಶಾಲೆಗಳನ್ನೂ ನಿಧಿಗಳನ್ನೂ ನಡಿಸುವವರಿಗೂ ಬೇಕಾದದ್ದು.

ಇನ್ನೊಂದು ಮಾತು ಇದಕ್ಕಿಂತ ಭಾರವಾದದ್ದು. ನಮ್ಮ ಚಿಕ್ಕ ಸಭೆಗಳಲ್ಲಿಯೂ ಎರಡು ಪಕ್ಷಗಳು ಏಳುತ್ತವೆ. ಜಮೀನಿನ ವಿಷಯದಲ್ಲಿಯೋ ಹಿರಿಯರ ಆಯ್ಕೆಯ ವಿಷಯದಲ್ಲಿಯೋ ವ್ಯಾಜ್ಯ ಹುಟ್ಟಿ, ಒಂದು ಪಕ್ಷವು ಗೆಲ್ಲುತ್ತದೆ, ಇನ್ನೊಂದು ಸೋಲುತ್ತದೆ. ನ್ಯಾಯಕ್ಕಾಗಿ ನಿಲ್ಲುವದು ಕೆಲವೊಮ್ಮೆ ಕರ್ತವ್ಯವೇ. ಆದರೆ ಗೆಲ್ಲುವವನು ಗೆಲ್ಲುವ ಮೊದಲೇ ನೆನಸಿಕೊಳ್ಳತಕ್ಕದ್ದು ಒಂದುಂಟು: ಸೋತವನು ಬರುವ ಆದಿತ್ಯವಾರ ಅದೇ ದೇವಾಲಯದಲ್ಲಿ ನಮ್ಮ ಪಕ್ಕದಲ್ಲಿ ಕುಳಿತುಕೊಳ್ಳಬೇಕು, ಒಂದೇ ಪಾತ್ರೆಯಿಂದ ನಮ್ಮೊಡನೆ ಕುಡಿಯಬೇಕು. ಅವನು ಹಾಗೆ ಬರುವದಕ್ಕೆ ನಾವು ದಾರಿಯನ್ನು ಉಳಿಸಿದ್ದೇವೋ? ಡುಫೂರನು ಶತ್ರುವಿನ ದೇಶದ ದಾರಿಗಳನ್ನು ನಕ್ಷೆಯಲ್ಲಿ ಗುರುತಿಸಿದಷ್ಟೇ ಎಚ್ಚರಿಕೆಯಿಂದ ಶತ್ರುವು ಮನೆಗೆ ಹಿಂದಿರುಗುವ ದಾರಿಯನ್ನೂ ತೆರೆದಿಟ್ಟಿದ್ದನು. ಅಂಥ ಮುಂದಾಲೋಚನೆಯನ್ನೂ ಅಂಥ ಕರುಣೆಯನ್ನೂ ಸಮಾಧಾನದ ಪ್ರಭುವು ನಮಗೆಲ್ಲರಿಗೂ ಅನುಗ್ರಹಿಸಲಿ.